ಅನ್ನ ಹರವಿದ ಕೈ

ನಮ್ಮ ಸ್ಟಾಫ್ ರೂಮಿನಲ್ಲಿ ಮೇಡಂ ಎದುರು ಊಟದ ಡಬ್ಬಿ ತೆರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು. ಮುಚ್ಚಳ ಸರಿದ ಸದ್ದಾದರೆ ಸಾಕು, ಮೂಲೆಯ ಕುರ್ಚಿಯಿಂದ ತಲೆ ಎತ್ತುತ್ತಿದ್ದರು.

"ಸರ, ಏನ್ ತಂದೀರಿ?"

"ಚಿತ್ರಾನ್ನ ಮೇಡಂ."

"ಎಷ್ಟೊತ್ತಿಗೆ ಮಾಡಿದ್ದು? ಲಿಂಬಿಹಣ್ಣು ಎಷ್ಟು ಹಿಂಡ್ಯಾರ? ಇಂಗು ಐತೋ ಇಲ್ಲೋ?"

ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ ಒಂದು ಚಮಚ ಅನ್ನ ಲ್ಯಾಬಿನ ಪರೀಕ್ಷೆಗೆಂದು ಅವರ ಪುಟ್ಟ ಬಾಟಲಿಗೆ ಹೋಗಿರುತ್ತಿತ್ತು. ಮರುದಿನ ಬೆಳಿಗ್ಗೆ ಎಲ್ಲರ ಎದುರು ಫಲಿತಾಂಶ. "ಸರ, ನಿಮ್ಮ ಮನಿಯವ್ರಿಗೆ ನನ್ನ ನಮಸ್ಕಾರ ಹೇಳ್ರಿ. ಒಂದು ಬ್ಯಾಕ್ಟೀರಿಯಾನೂ ಇಲ್ಲ, ಪ್ಲೇಟ್ ಹಂಗ ಸ್ವಚ್ಛ ಐತಿ!" ಈ ಸರ್ಟಿಫಿಕೇಟನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ನನ್ನ ಅಡುಗೆ ಚೆನ್ನಾಗಿದೆ ಅಂತ ಹೇಳೋಕೆ ನಿಮಗೆ ಒಬ್ಬರು ವಿಜ್ಞಾನಿ ಬೇಕಾಯ್ತಾ?" ಎಂದು ಕೇಳಿದಳು.

ಹೋದ ತಿಂಗಳು ಅವರು ನಿವೃತ್ತರಾದರು. ಈಗ ಡಬ್ಬಿಯನ್ನು ಯಾವ ಭಯವೂ ಇಲ್ಲದೆ ತೆರೆಯುತ್ತೇನೆ, ಊಟ ಮಾತ್ರ ರುಚಿಸುತ್ತಿಲ್ಲ.

ವಿಜಯನಗರದ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಮೇಷ್ಟ್ರು, ಅವರು ಸೂಕ್ಷ್ಮಾಣುಜೀವಿ ವಿಜ್ಞಾನದ ಮೇಡಂ. ನಮ್ಮ ಕೊಠಡಿಗೂ ಅವರ ಲ್ಯಾಬಿಗೂ ನಡುವೆ ಒಂದೇ ಗೋಡೆ. ಗೋಡೆ ಮಾತು ತಡೆದರೂ ವಾಸನೆ ತಡೆಯಬೇಕಲ್ಲ! ನಾನು ಹಳಗನ್ನಡ ಪಾಠ ಮಾಡುತ್ತಿದ್ದರೆ ಪಕ್ಕದಿಂದ ಲವಂಗ, ಚಕ್ಕೆ, ಬೆಳ್ಳುಳ್ಳಿ ಹುರಿದ ಘಮ ನುಗ್ಗಿ ಬರುತ್ತಿತ್ತು. ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಹಸಿದ ಹುಡುಗರು ಪದ್ಯ ಬಿಟ್ಟು ಗೋಡೆ ನೋಡುತ್ತಿದ್ದರು.

ಮೇಡಂ ಗದಗದ ಕಡೆಯವರು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತಿಗೆ ಬೆಂಗಳೂರಿನ ಗಾಳಿ ಸೋಕಿರಲಿಲ್ಲ. ಗಿಡ್ಡ ಆಳು, ಇಳಕಲ್ ಸೀರೆ, ಅದರ ಮೇಲೆ ಬಿಳಿ ಕೋಟು. ಕೋಟಿನ ಜೇಬಿಗೆ ಕೈ ಹಾಕಿದರೆ ಪೆನ್ನಿಗಿಂತ ಮೊದಲು ಲವಂಗ ಸಿಗುತ್ತಿತ್ತು. ಹಾಜರಾತಿ ಪುಸ್ತಕದ ಹಾಳೆಗಳ ನಡುವೆ ಚಕ್ಕೆ ಚೂರು. ನಡೆದದ್ದನ್ನು ನಾನು ನೋಡಿದ್ದೇ ಕಡಿಮೆ, ಕಾರಿಡಾರಿನಲ್ಲಿ ಅವರು ಯಾವಾಗಲೂ ಓಡುತ್ತಲೇ ಇರುತ್ತಿದ್ದರು. ಕೈಯಲ್ಲಿ ಗಾಜಿನ ತಟ್ಟೆ.

"ಸರ, ಬರ್ರಿ ಬರ್ರಿ, ನೋಡ್ರಿಲ್ಲೆ! ವರ್ತುಲ ಬಂದೈತಿ!"

ಆ ವರ್ತುಲವನ್ನು ನಾನು ಅವರಿಂದಲೇ ನೋಡಲು ಕಲಿತದ್ದು. ಅಂಗೈಯಗಲದ ತಟ್ಟೆಯಲ್ಲಿ ಜೆಲ್ಲಿಯಂಥ ಆಹಾರ ಹಾಕಿ, ಅದರ ಮೇಲೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸವರುತ್ತಾರೆ. ನಡುವೆ ಒಂದು ತೊಟ್ಟು ಲವಂಗದ ರಸ. ಮರುದಿನ ನೋಡಿದರೆ ತಟ್ಟೆಯೆಲ್ಲ ಬೂದಿ ಬಳಿದಂತೆ ಮಬ್ಬು, ಆದರೆ ಲವಂಗದ ಸುತ್ತ ಮಾತ್ರ ಒಂದು ದುಂಡನೆಯ ತಿಳಿ ಜಾಗ. ಅಷ್ಟರೊಳಗೆ ಬರಲು ಒಂದು ಬ್ಯಾಕ್ಟೀರಿಯಾಕ್ಕೂ ಧೈರ್ಯವಾಗಿಲ್ಲ. ಮೊದಲ ಸಲ ಅದನ್ನು ಕಂಡಾಗ ನನಗೂ ಮೈ ಜುಮ್ಮೆಂದಿತು. ನಮ್ಮ ಸಾಂಬಾರ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿರುವ ಲವಂಗಕ್ಕೆ ಇಷ್ಟು ಪ್ರತಾಪ ಇದೆಯೆಂದು ಯಾರಿಗೆ ಗೊತ್ತಿತ್ತು?

ಅವರ ಪ್ರಧಾನ ಶತ್ರು ಅನ್ನದೊಳಗಿನ ಒಂದು ಬ್ಯಾಕ್ಟೀರಿಯಾ. ಬೇಯಿಸಿದರೆ ಎಲ್ಲವೂ ಸಾಯುತ್ತವೆ ಎಂದು ನಾವು ನಂಬಿರುತ್ತೇವೆ. ಇದು ಸಾಯುವುದಿಲ್ಲ. ಬೀಜದ ಹಾಗೆ ಗಟ್ಟಿಯಾಗಿ ಕುಳಿತು ಕುದಿಯುವ ನೀರನ್ನೂ ದಾಟಿಬಿಡುತ್ತದೆ. ಅನ್ನ ನಿಧಾನವಾಗಿ ಉಗುರುಬೆಚ್ಚಗಾಗುವ ಹೊತ್ತಿಗೆ ಎದ್ದು ಸಂಸಾರ ಹೂಡುತ್ತದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ವಾಸನಿ ಬರ್ಲಿಲ್ಲ ಅಂದ್ರ ಅನ್ನ ಚಲೋ ಐತಿ ಅಂತಲ್ರಿ," ಎಂದು ಮೇಡಂ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ.

ಇದಕ್ಕೆ ಬಾಟಲಿಯಲ್ಲಿ ಬರುವ ರಾಸಾಯನಿಕ ಬೇಡ, ನಮ್ಮ ಅಡುಗೆಮನೆಯಲ್ಲೇ ಮದ್ದಿದೆ ಎಂಬುದು ಅವರ ಹಟ. ಮಧ್ಯಾಹ್ನದ ಬುತ್ತಿಯನ್ನು ಕಾಯುವಂಥ ಒಂದು ವಾಂಗಿಭಾತ್ ಪುಡಿ ಮಾಡಬೇಕು: ಲವಂಗ, ಚಕ್ಕೆ, ಬೆಳ್ಳುಳ್ಳಿ, ಸಾಸಿವೆ. ಹದ ಮಾತ್ರ ಸಿಗಬೇಕು. ಆ ಹದಕ್ಕಾಗಿ ಬಲಿಯಾದವನು ನಾನು. "ನೀವು ಏನ್ ಕೊಟ್ರೂ ತಿಂತೀರಿ, ಅದಕ್ಕ ಕೇಳ್ತೀನಿ" ಎಂದು ಹೊಗಳಿಯೋ ಬೈದೋ ನನ್ನನ್ನು ರುಚಿ ನೋಡುವ ಕೆಲಸಕ್ಕೆ ನೇಮಿಸಿಕೊಂಡರು. ಮೊದಲ ವರ್ಷದ ಭಾತ್ ತಿಂದಾಗ ನನ್ನ ನಾಲಿಗೆ ಜೋಮು ಹಿಡಿಯಿತು.

"ಹೆಂಗೈತಿ?"

"ಮೇಡಂ, ಹಲ್ಲಿನ ಡಾಕ್ಟರ್ ಶಾಪಲ್ಲಿ ಊಟಕ್ಕೆ ಕೂತ ಹಾಗಿದೆ."

ಅವರು ಬೇಸರ ಮಾಡಿಕೊಳ್ಳಲಿಲ್ಲ, ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕರು. "ಬ್ಯಾಕ್ಟೀರಿಯಾ ಸತ್ತಾವ್ರಿ, ಜೋಡಿ ನೀವೂ ಹೋಗ್ತಿದ್ರಿ. ನಾಲಿಗಿ ಒಪ್ಪಬೇಕು, ಅವು ಒಪ್ಪಬಾರ್ದು. ಅಲ್ಲೇ ಐತಿ ನೋಡ್ರಿ ಮಜಾ!" ಎಂದು ಆಗಲೇ ಲವಂಗ ಕಡಿಮೆ ಮಾಡಲು ಓಡಿದರು.

ರಾಜಾಜಿನಗರದ ಒಂದು ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಅಕ್ಷತೆ ಹಾಕುವ ಹೊತ್ತಿಗೆ ಮೇಡಂ ಮಾಯ. ಹುಡುಕಿದರೆ ಅಡುಗೆಮನೆಯಲ್ಲಿ ಪಲಾವಿನ ಕೊಪ್ಪರಿಗೆಗೆ ಬಗ್ಗಿ, ಒಂದು ಸೇರು ಅಕ್ಕಿಗೆ ಎಷ್ಟು ಲವಂಗ ಎಂದು ಅಡುಗೆಯವನನ್ನು ವಿಚಾರಣೆ ಮಾಡುತ್ತಿದ್ದಾರೆ! ಪಾಪ, ಆತ ಯಾರೋ ಆಹಾರ ಇಲಾಖೆಯ ಅಧಿಕಾರಿ ಬಂದರೆಂದು ಬೆವತು, ನಮ್ಮಿಬ್ಬರಿಗೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿ, ಹೋಳಿಗೆ ಮೇಲೆ ಹೋಳಿಗೆ ಬಡಿಸಿದ. ಮೇಡಂಗೆ ಅದರ ಗೊಡವೆಯೇ ಇಲ್ಲ. "ಎಷ್ಟು ಒಳ್ಳೆ ಮನುಷ್ಯಾ ನೋಡ್ರಿ, ಲೆಕ್ಕಾನೂ ಹೇಳಿದ, ಹೋಳಿಗಿನೂ ಕೊಟ್ಟ" ಎಂದರು.

ಪರೀಕ್ಷೆಯ ಅನ್ನವನ್ನು ಮಾತ್ರ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಮನೆಯಲ್ಲಿ ತಾವೇ ಮಾಡಿ ಎರಡು ಡಬ್ಬಿ ತರುತ್ತಿದ್ದರು, ಒಂದು ಪುಡಿ ಹಾಕಿದ್ದು, ಇನ್ನೊಂದು ಹಾಕದ್ದು. ಒಮ್ಮೆ ಬೆಳಿಗ್ಗೆ ಯಾವುದೋ ಕೆಲಸಕ್ಕೆ ಅವರ ಮನೆಗೆ ಹೋಗಿದ್ದೆ. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಅಗಲವಾದೊಂದು ಸ್ಟೀಲ್ ಪರಾತದಲ್ಲಿ ಅನ್ನ ತೆಳ್ಳಗೆ ಹರವಿತ್ತು. ಮೇಡಂ ನನ್ನೊಡನೆ ಮಾತಾಡುತ್ತಲೇ, ಅತ್ತ ತಿರುಗಿಯೂ ನೋಡದೆ, ಒಂದು ಚಮಚ ಎಣ್ಣೆ ಬಿಟ್ಟು ಸೌಟಿನ ಹಿಂಬದಿಯಿಂದ ಅಗುಳನ್ನು ಬಿಡಿಸುತ್ತಿದ್ದರು. ಪರಾತದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ತಾಯಿಯ ಹೆಸರು ಕೊರೆದಿತ್ತು. ನನಗೆ ಚಹ ಕೊಟ್ಟರು, ಅನ್ನ ಕೊಡಲಿಲ್ಲ ಎಂಬುದಷ್ಟೇ ಅಂದು ನನ್ನ ಗಮನಕ್ಕೆ ಬಂದದ್ದು.

ನಿವೃತ್ತಿ ಹತ್ತಿರ ಬಂದಾಗ ಪುಡಿಯ ಹದವೂ ಸಿಕ್ಕಿತು. ರುಚಿ ಎಂದರೆ ರುಚಿ, ನಾನು ಬಟ್ಟಲು ಬಳಿದು ತಿಂದೆ. ಪ್ಲೇಟುಗಳೂ ಸ್ವಚ್ಛ. ಪುಡಿ ಹಾಕದ ಅನ್ನದಲ್ಲಿ ಅಷ್ಟಿಷ್ಟು ಬ್ಯಾಕ್ಟೀರಿಯಾ, ಹಾಕಿದ್ದರಲ್ಲಿ ಹುಡುಕಿದರೂ ಇಲ್ಲ. ಪ್ರತಿ ಸಲವೂ ಹಾಗೆಯೇ. ಶ್ರೀಗಂಧದ ಕಾವಲ್‌ನ ಹೆಂಗಸರ ಸಂಘವೊಂದು ಊಟದ ಡಬ್ಬಿ ಕಳಿಸುವ ಕೆಲಸ ಶುರು ಮಾಡಿತ್ತು. ಅದರ ಮುಖ್ಯಸ್ಥೆ ರತ್ನಮ್ಮ. ಮೇಡಂ ಅವರಿಗೆ ಪುಡಿ ಮಾಡುವುದನ್ನು ಕಲಿಸಿದರು. ಲವಂಗ ಎಷ್ಟು ಹುರಿಯಬೇಕು, ಕೈ ಹೇಗೆ ತೊಳೆಯಬೇಕು, ಪಾತ್ರೆ ಹೇಗೆ ಒಣಗಿಸಬೇಕು, ಒಂದನ್ನೂ ಬಿಡಲಿಲ್ಲ. ರತ್ನಮ್ಮ ಪ್ಯಾಕೆಟ್ಟಿಗೆ ಚೀಟಿ ಕೂಡ ಅಚ್ಚು ಹಾಕಿಸಿದರು: 'ಬೆಳಿಗ್ಗೆ ಕಲಸಿದ್ದು ಸಂಜೆಯವರೆಗೂ ಕೆಡುವುದಿಲ್ಲ.' ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರ ಕೈಯಲ್ಲಿ ಅದರ ಬಿಡುಗಡೆ ಎಂದೂ ಗೊತ್ತಾಯಿತು. ಇಡೀ ವೃತ್ತಿಜೀವನದ ದುಡಿಮೆ ಒಂದು ಪ್ಯಾಕೆಟ್ಟಾಗಿ ಅಂಗಡಿಗೆ ಹೊರಡುವುದೆಂದರೆ ಸಾಮಾನ್ಯವೇ!

ಸಂಘಕ್ಕೆ ಮೊದಲ ದೊಡ್ಡ ಆರ್ಡರೂ ಬಂತು. ಒಂದು ಶಾಲೆಯ ಕ್ರೀಡಾಕೂಟ, ಶನಿವಾರ ಮಧ್ಯಾಹ್ನ ಮಕ್ಕಳಿಗೆಲ್ಲ ಭಾತ್. ಶುಕ್ರವಾರ ಹೆಂಗಸರು ಅದೇ ಅಳತೆಯಲ್ಲಿ ಒಮ್ಮೆ ಮಾಡಿ ನೋಡಿದರು. ಆ ಭಾತಿನಿಂದ ಮೇಡಂ ಮಧ್ಯಾಹ್ನ ಒಂದು ಬಾಟಲಿ ತಂದು ಪರೀಕ್ಷೆಗಿಟ್ಟರು. ತಮ್ಮ ಮನೆಯದಲ್ಲದ ಅನ್ನವನ್ನು ಈ ಪುಡಿಯೊಂದಿಗೆ ಅವರು ಪರೀಕ್ಷಿಸಿದ್ದು ಅದೇ ಮೊದಲು. ಫಲಿತಾಂಶಕ್ಕೆ ಕಾಯುವ ಮಾತೇ ಇರಲಿಲ್ಲ, ಅಷ್ಟು ನಂಬಿಕೆ.

ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ನನಗೆ ಫೋನ್. "ಸರ, ಲಗೂನ ಬರ್ರಿ, ಸ್ವಚ್ಛ ಪ್ಲೇಟ್ ನೋಡಿ ಪೇಢಾ ತಿನ್ನೂಣು." ಹೋದೆ. ಪೇಢಾದ ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು. ಮೇಡಂ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದು ಬೆಳಕಿಗೆ ಹಿಡಿದರು. ತಟ್ಟೆ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು! ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಮೇಡಂ ಒಂದೊಂದು ತಟ್ಟೆಯ ಚೀಟಿಯನ್ನೂ ಮತ್ತೆ ಓದಿದರು.

"ಪುಡಿ ಹಾಕಿಲ್ವೇನೋ ಮೇಡಂ," ಎಂದೆ.

"ಹಾಕ್ಯಾರ್ರಿ, ನಿನ್ನೆ ಬಾಟ್ಲಿ ತೆಗದ ಕೂಡ್ಲೆ ಲವಂಗ ಘಮ್ ಅಂದಿತ್ತು," ಎಂದವರು ಗಡಿಯಾರ ನೋಡಿದರು. "ಇವತ್ತಿಂದು ಆಗಲೇ ಮಾಡಿರ್ತಾರ. ಮಕ್ಕಳು ಉಣ್ಣಾವು ಅದಾವ್ರಿ! ನಡೀರಿ, ನಡೀರಿ!"

ಫೋನ್ ಮಾಡಿದರೆ ರತ್ನಮ್ಮ ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಗೇಟಿನ ಮುಂದೆ ಸಿಕ್ಕಿದ ಆಟೋ ಹತ್ತಿದೆವು. ಮಾಗಡಿ ರಸ್ತೆ ಸೇರಿದ ಕೂಡಲೇ ಟ್ರಾಫಿಕ್. ಮೇಡಂ ಸೀಟಿನ ಅಂಚಿಗೆ ಬಂದು ಕೂತು ಡ್ರೈವರ್ ಭುಜದ ಮೇಲಿಂದ ರಸ್ತೆ ನೋಡುತ್ತಿದ್ದರು, ಕೋಟು ಬಿಚ್ಚುವುದನ್ನೂ ಮರೆತಿದ್ದರು.

"ಯಾಕ್ ಮೇಡಂ, ಯಾರಿಗಾದ್ರೂ ಹುಷಾರಿಲ್ವಾ?" ಡ್ರೈವರ್ ಕೇಳಿದ.

"ಇನ್ನೂ ಇಲ್ಲಪಾ. ಆಗಬಾರ್ದು ಅಂತನ ಹೊಂಟೀವಿ."

ಆತನಿಗೆ ಏನು ಅರ್ಥವಾಯಿತೋ, "ಬಿಗಿಯಾಗಿ ಹಿಡ್ಕೊಳಿ ಸಾರ್" ಎಂದವನೇ ಆಟೋವನ್ನು ಓಣಿಗಿಳಿಸಿದ. ಆಮೇಲೆ ನಾವು ಯಾವ ಯಾವ ಅಡ್ಡರಸ್ತೆ ದಾಟಿದೆವೆಂದು ಇವತ್ತಿಗೂ ಹೇಳಲಾರೆ. ಆಟದ ಮೈದಾನದಲ್ಲಿ ಓಡಿ ದಣಿದು ಬಂದ ಮಕ್ಕಳು ಆ ಅನ್ನದ ಮುಂದೆ ಕುಳಿತ ಚಿತ್ರ ಕಣ್ಣೆದುರಿನಿಂದ ಸರಿಯಲೇ ಇಲ್ಲ.

ರತ್ನಮ್ಮನ ಮನೆಯ ಮುಂದಿನ ಶೆಡ್ಡಿನಲ್ಲಿ ಮಿಕ್ಸಿಗಳ ಅಬ್ಬರ. ನಡುವೆ ಸೊಂಟದೆತ್ತರದ ಪಾತ್ರೆ. ಅದರ ಬಾಯಿಗೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತಟ್ಟೆ. ಮೇಡಂ ಎಲ್ಲವನ್ನೂ ಎಳೆದುಹಾಕಿ ಭಾತಿನ ಮೇಲೆ ಅಂಗೈಯಿಟ್ಟರು. ಬೆಳಗಿನ ಜಾವ ಬೇಯಿಸಿ ಕಲಸಿದ ಅನ್ನ ಅಷ್ಟು ಹೊತ್ತಿಗೂ ಬೆಚ್ಚಗೆ ಕೂತಿತ್ತು. ನಡುವೆ ಬಿಸಿ, ಅಂಚಿನಲ್ಲಿ ಉಗುರುಬೆಚ್ಚಗೆ.

"ರತ್ನಮ್ಮಾರ, ಹರವಲಿಲ್ಲೇನ್ರಿ? ಬಿಸಿದನ್ನ ಒಟ್ಟಿ ಮುಚ್ಚೀರಿ?"

"ನಿನ್ನೆನೂ ಹಿಂಗೇ ಮಾಡಿದ್ವಿ ಮೇಡಂ. ಮನೇಲಾದ್ರೆ ನಾವೂ ಹರವ್ತೀವಿ. ಇಷ್ಟೊಂದು ಅನ್ನ ಎಲ್ಲಿ ಹರವೋದು? ಹೆಂಗೂ ನಿಮ್ಮ ಪುಡಿ ಇದೆಯಲ್ಲ, ಕೆಡಲ್ಲ ಅಂದ್ರಲ್ಲ. ಮಕ್ಕಳಿಗೆ ಬೆಚ್ಚಗಿರ್ಲಿ ಅಂತ ಮುಚ್ಚಿಟ್ವಿ. ನೀವು ಹರವಿ ಅಂತ ಹೇಳಲೇ ಇಲ್ವಲ್ಲ?"

ಹೌದು, ಮೇಡಂ ಹೇಳಿರಲಿಲ್ಲ. ಎಲ್ಲವನ್ನೂ ಹೇಳಿದ್ದರು, ಅದೊಂದನ್ನು ಬಿಟ್ಟು. ಯಾಕೆಂದರೆ ಭಾತ್ ಕಲಸುವ ಮೊದಲು ಅನ್ನ ಹರವುವುದು ಅವರ ಮಟ್ಟಿಗೆ ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ. ಅವರ ಮನೆಯ ಹಾಲ್‌ನಲ್ಲಿ ಕಂಡ ಪರಾತ ನನಗೆ ಆಗ ನೆನಪಾಯಿತು. ಪುಡಿ ಹಾಕಿದ ಅನ್ನ, ಹಾಕದ ಅನ್ನ ಎರಡನ್ನೂ ಇಷ್ಟು ವರ್ಷ ಅವರು ಹರವಿ ಆರಿಸಿಯೇ ಲ್ಯಾಬಿಗೆ ತಂದಿದ್ದರು. ಆರಿದ ಅನ್ನವನ್ನಷ್ಟೇ ಪುಡಿ ಕಾಯ್ದಿತ್ತು. ಇಲ್ಲಿ ಬಿಸಿ ಗುಡ್ಡೆಯ ಹೊಟ್ಟೆಯೊಳಗೆ, ಎಣ್ಣೆ ಅನ್ನಗಳ ಮಧ್ಯೆ ಸಿಕ್ಕಿಕೊಂಡ ಪುಡಿಯ ಆಟವೇ ನಡೆದಿರಲಿಲ್ಲ.

"ಈ ಅನ್ನ ಹೋಗೂದಿಲ್ಲ," ಎಂದರು ಮೇಡಂ.

ರತ್ನಮ್ಮನ ಕಣ್ಣು ತುಂಬಿತು. "ಮೊದಲ್ನೇ ಆರ್ಡರ್ ಮೇಡಂ. ಊಟ ಹೋಗ್ಲಿಲ್ಲಾಂದ್ರೆ ನಾಳೆಯಿಂದ ಯಾರ್ ಕರೀತಾರೆ ನಮ್ಮನ್ನ?"

"ಊಟ ಹೋಗ್ತೈತ್ರೆವ್ವಾ. ಈ ಅನ್ನ ಹೋಗೂದಿಲ್ಲ. ಒಲಿ ಹಚ್ರಿ, ಹೊಸಾ ಎಸರಿಡ್ರಿ! ಪರಾತ ಎಷ್ಟದಾವ?"

ಇದ್ದದ್ದು ಎರಡು. ಮೇಡಂ ಬಿಳಿ ಕೋಟಿನಲ್ಲೇ ಬೀದಿಗಿಳಿದರು. ಒಂದೊಂದು ಮನೆಯ ಬಾಗಿಲಿಗೂ ಹೋಗಿ, "ತಂಗಿ, ನಿಮ್ಮ ಮನ್ಯಾಗ ಪರಾತ ಐತೇನ? ಅಗಲಂದು? ಮಧ್ಯಾಹ್ನ ತೊಳದು ಕೊಡ್ತೀನಿ" ಎಂದು ಕೇಳತೊಡಗಿದರು. ಪೋಲಿಯೋ ಹನಿ ಹಾಕಲು ಬಂದ ಡಾಕ್ಟರೆಂದು ಒಬ್ಬಾಕೆ ಮಗುವನ್ನೇ ಎತ್ತಿಕೊಂಡು ಬಂದಳು! ವಿಷಯ ತಿಳಿದ ಮೇಲೆ ನೋಡಬೇಕಿತ್ತು ಆ ಬೀದಿಯನ್ನು. ಅಟ್ಟದ ಮೇಲಿನ ಹರಿವಾಣಗಳು, ಸೀಮಂತಕ್ಕೆ ಬಂದ ತಾಂಬಾಳಗಳು, ತವರಿನಿಂದ ತಂದು ಇನ್ನೂ ಬಳಸದ ಪರಾತಗಳು, ಒಂದೊಂದರ ಅಂಚಿನಲ್ಲೂ ಒಬ್ಬೊಬ್ಬ ಹೆಂಗಸಿನ ಹೆಸರು. ಎಲ್ಲವನ್ನೂ ಉಜ್ಜಿ, ಬಿಸಿನೀರು ಸುರಿದು, ಒರೆಸಿ ಸಾಲಾಗಿ ಮೇಜುಗಳ ಮೇಲಿಟ್ಟೆವು. ಯಾರೋ ಟೇಬಲ್ ಫ್ಯಾನ್ ತಂದರು, ಇನ್ಯಾರೋ ಎರಡು ತಂದರು. ಆಟೋದವನು ಹೋಗಿರಲೇ ಇಲ್ಲ, ಕೈ ತೊಳೆದುಕೊಂಡು ಸೌಟು ಹಿಡಿದು ನಿಂತಿದ್ದ. ಕನ್ನಡ ಮೇಷ್ಟ್ರಾದ ನಾನೂ ಅಂದು ಅನ್ನ ಹರವಿದೆ. "ತೆಳ್ಳಗ, ಸರ, ತೆಳ್ಳಗ! ನಿಮ್ಮ ಭಾಷಣದಂಗ ಒಟ್ಟಬ್ಯಾಡ್ರಿ!" ಎಂದು ಮೇಡಂ ಎಲ್ಲರೆದುರು ಗದರಿದರು.

ಆರಿದ ಅನ್ನಕ್ಕೆ ಪುಡಿ ಬಿತ್ತು, ಪಲ್ಯ ಬಿತ್ತು, ಮೇಲೆ ಧಾರಾಳವಾಗಿ ನಿಂಬೆರಸ. "ಹುಳಿ ಇದ್ದಲ್ಲಿ ಅವಕ್ಕ ಬಾಳೇವು ಕಷ್ಟ," ಎಂದರು ಮೇಡಂ. ಡಬ್ಬಿಗಳು ಸ್ವಲ್ಪ ತಡವಾಗಿ ಮೈದಾನ ತಲುಪಿದವು. ಮಕ್ಕಳು ಕುಳಿತಲ್ಲೇ ಉಂಡು ಮತ್ತೆ ಆಟಕ್ಕೋಡಿದರು. ಭಾನುವಾರವಿಡೀ ಮೇಡಂ ಫೋನ್ ಕೈಯಲ್ಲೇ ಹಿಡಿದಿದ್ದರಂತೆ. ಸೋಮವಾರ ಬೆಳಿಗ್ಗೆ ರತ್ನಮ್ಮ ಶಾಲೆಗೇ ಹೋಗಿ ವಿಚಾರಿಸಿ ಬಂದು, ಒಂದು ಮಗುವಿಗೂ ಏನೂ ಆಗಿಲ್ಲ, ಮುಂದಿನ ತಿಂಗಳೂ ನಮಗೇ ಹೇಳಿದ್ದಾರೆ ಎಂದರು.

ಆದರೆ ನನ್ನ ಚಿಂತೆ ಬೇರೆ ಇತ್ತು. ಶನಿವಾರ ವಾಪಸು ಬರುವಾಗ ಆಟೋದಲ್ಲಿ ಇವರಿಗೆ ಹೇಗೆ ಸಮಾಧಾನ ಹೇಳುವುದೆಂದು ಪದ ಹುಡುಕುತ್ತಿದ್ದೆ. ಪುಡಿಯ ಬಿಡುಗಡೆಗೆ ಕೆಲವೇ ವಾರಗಳು ಉಳಿದಿದ್ದವು. ಅಷ್ಟರಲ್ಲಿ ಅವರು ನನ್ನ ತೋಳು ಹಿಡಿದು ಅಲುಗಾಡಿಸಿದರು.

"ಸರ, ಎಂಥಾ ಚಂದ ತಪ್ಪು ನೋಡ್ರಿ! ನಿಧಾನ ಆರೂ ಅನ್ನ ಕೆಟ್ಟದ್ದು ಅಂತ ವರ್ಷಾ ವರ್ಷಾ ಬೋರ್ಡಿನ ಮ್ಯಾಲೆ ನಾನ ಬರದೀನಿ. ನನ್ನ ಕೈ ದಿನಾ ಏನ್ ಮಾಡ್ತಿತ್ತು ಅಂತ ನಾನ ನೋಡ್ಲಿಲ್ಲ! ಇಳೀರಿ ಲಗೂನ, ನಾಕು ಥರಾ ಅನ್ನ ಇಡಬೇಕು!"

ಕಣ್ಣುಗಳು ಹೊಳೆಯುತ್ತಿದ್ದವು. ಹೇಳಿದಂತೆ ನಾಲ್ಕೂ ಇಟ್ಟರು: ಹರವಿ ಪುಡಿ ಹಾಕಿದ್ದು, ಹರವಿ ಹಾಕದ್ದು, ಒಟ್ಟಿ ಹಾಕಿದ್ದು, ಒಟ್ಟಿ ಹಾಕದ್ದು. ಹರವಿ ಪುಡಿ ಹಾಕಿದ ತಟ್ಟೆ ಎಲ್ಲಕ್ಕಿಂತ ಸ್ವಚ್ಛವಾಗಿತ್ತು. ಒಟ್ಟಿದ ಎರಡರಲ್ಲಿ ಯಾವುದಕ್ಕೆ ಪುಡಿ ಹಾಕಿದ್ದೆಂದು ಚೀಟಿ ನೋಡದೆ ನನಗೆ ಹೇಳಲಾಗಲಿಲ್ಲ.

ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಅಜ್ಜಿಯರ ಮಸಾಲೆ, ವಿಜ್ಞಾನದ ಗೆಲುವು ಎಂದೆಲ್ಲ ಹೊಗಳಿ ಮುಗಿಸಿದರು. ಮೇಡಂ ಎದ್ದು, ಹಳೆಯ ಚೀಟಿಯ ಒಂದು ಪ್ಯಾಕೆಟ್ ಎತ್ತಿ ಹಿಡಿದು, ಎಲ್ಲರ ಮುಂದೆ ಆ ಚೀಟಿಯನ್ನು ಕಿತ್ತುಹಾಕಿದರು. "ಇದರಾಗ ಬರದದ್ದು ಸುಳ್ಳು. ಬರಸಿದಾಕಿ ನಾನ" ಎಂದು ಶುರುಮಾಡಿ, ನಡೆದದ್ದನ್ನು ಶ್ರೀಗಂಧದ ಕಾವಲ್‌ನ ಬೀದಿಯ ಸಮೇತ ಹೇಳಿದರು. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. "ಇನ್ನ ಮ್ಯಾಲೆ ಚೀಟಿ ಮ್ಯಾಲೆ ಮೊದಲ್ನೇ ಸಾಲು, ಅನ್ನ ಹರವಿ ಆರಸ್ರಿ. ಪುಡಿ ಆಮ್ಯಾಲೆ. ಮಧ್ಯಾಹ್ನನ ಉಣ್ರಿ, ಸಂಜಿತನಕ ಇಡಬ್ಯಾಡ್ರಿ."

ರತ್ನಮ್ಮ ಮತ್ತು ಸಂಗಡಿಗರು ವೇದಿಕೆ ಹತ್ತಿ ಶಾಲಿನ ಜೊತೆಗೆ ಒಂದು ದೊಡ್ಡ ಪರಾತ ಕೊಟ್ಟರು. ಅಂಚಿನಲ್ಲಿ ಮೇಡಂ ಹೆಸರು ಕೊರೆಸಿದ್ದರು. ಮೇಡಂ ಆ ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ನನಗೂ ತಡೆಯಲಾಗಲಿಲ್ಲ.

"ಅನ್ನ ಹರವಲಿಲ್ಲ ಅಂದ್ರ ನಮ್ಮವ್ವ ಸೌಟಿನಿಂದ ಕೈ ಮ್ಯಾಲೆ ಹೊಡೀತಿದ್ಲು," ಎಂದರು. "ಇಷ್ಟು ವರ್ಷ ನಾ ಪುಡಿ ಪರೀಕ್ಷೆ ಮಾಡೀನಿ ಅಂತ ತಿಳಕೊಂಡಿದ್ದೆ. ಅರ್ಧ ನಮ್ಮವ್ವನ್ನ ಪರೀಕ್ಷೆ ಮಾಡೀನಿ. ಆಕಿ ಪಾಸಾಗ್ಯಾಳ."

ಸೆರಗಿನಿಂದ ಕಣ್ಣೊರೆಸಿಕೊಂಡು, ಮೈಕಿನ ಹತ್ತಿರ ಬಗ್ಗಿ, ಸಭಾಂಗಣದ ಹಿಂದಿನ ಬಾಗಿಲ ಕಡೆಗೆ ನೋಡಿದರು. ಅಲ್ಲಿ ಸಂಘದ ಹೆಂಗಸರು ಮಧ್ಯಾಹ್ನದ ಊಟ ಸಜ್ಜು ಮಾಡುತ್ತಿದ್ದರು.

"ಇವತ್ತಿನ ಅನ್ನ ಹರವೀರೇನ್ರೆವ್ವಾ?"

"ಹರವಿದೀವಿ ಮೇಡಂ!" ಎಂದು ಹಿಂದಿನಿಂದ ಒಟ್ಟಿಗೇ ಕೂಗಿದರು.

"ಹಂಗಾರ ಭಾಷಣ ಸಾಕು. ಊಟಕ್ಕ ಏಳ್ರಿ ಎಲ್ಲಾರೂ," ಎಂದವರು ಪರಾತವನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮೊದಲು ಅಡುಗೆಯ ಕಡೆಗೆ ಓಡಿದರು.